ಮಂಡಿ ನೋಡೋ ಯಂತ್ರ, ಆಡೋ ಮಕ್ಕಳು

2022ರ ಅಕ್ಟೋಬರ್ 8. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ. ಪ್ರೊ ಕಬಡ್ಡಿಯ ಒಂಬತ್ತನೇ ಸೀಸನ್ ಶುರುವಾಗಿ ಅದು ಎರಡನೇ ದಿನ. ತಮಿಳ್ ತಲೈವಾಸ್ ತಂಡ 2 ಕೋಟಿ 26 ಲಕ್ಷ ರೂಪಾಯಿ ಕೊಟ್ಟು ತಂದಿದ್ದ ಪವನ್ ಸೆಹ್ರಾವತ್ ಮೊದಲ ಪಂದ್ಯದಲ್ಲೇ ಮಂಡಿ ಹಿಡಿದುಕೊಂಡು ಮ್ಯಾಟ್ ಮೇಲೆ ಕುಸಿದರು. ಗುಜರಾತ್ ಜೈಂಟ್ಸ್ ವಿರುದ್ಧದ ಆ ಪಂದ್ಯ ಮುಗಿಯೋ ಮೊದಲೇ ಅವರ ಸೀಸನ್ ಮುಗಿದಿತ್ತು. ನಮ್ಮ ಬೆಂಗಳೂರು ಬುಲ್ಸ್ ಮೊದಲ ಬಾರಿ ಟ್ರೋಫಿ ಎತ್ತಿದಾಗ ಮಿಂಚಿದ್ದು ಇದೇ ಪವನ್. ಅದೇ ಊರಲ್ಲಿ ಹೀಗಾಯ್ತಲ್ಲ ಅಂತ ಅವತ್ತು ಟಿವಿ ಮುಂದೆ ಕೂತವರಿಗೆಲ್ಲ ಹೊಟ್ಟೆ ಚುರುಕ್ ಅಂದಿತ್ತು.

ಒಂದು ವರ್ಷಕ್ಕೆ ಒಂದೇ ದಿನ ಕಡಿಮೆ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದ ಭಾರತ ತಂಡದ ನಾಯಕ ಅವರೇ ಆಗಿದ್ದರು.

ಈಗ ಕ್ಯಾಮೆರಾನ ಸ್ವಲ್ಪ ಈ ಕಡೆ ತಿರುಗಿಸೋಣ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಪ್ರೌಢಶಾಲೆಗಳ ತಾಲ್ಲೂಕು ಮಟ್ಟದ ಕ್ರೀಡಾಕೂಟ. ಸುಣ್ಣದ ಗೆರೆ ಎಳೆದ ಮಣ್ಣಿನ ಅಂಕಣ. ರೈಡ್‌ಗೆ ಬಂದ ಹುಡುಗಿಯ ಒಂದು ಕಾಲು ನೆಲದಲ್ಲಿ ನೆಟ್ಟಿದೆ, ಮೈ ಇನ್ನೊಂದು ಕಡೆ ತಿರುಗಿದೆ, ಹಿಂದಿನಿಂದ ಯಾರೋ ತೊಡೆ ಹಿಡಿದಿದ್ದಾರೆ. ಮಂಡಿ ಒಳಗೆ 'ಟಪ್' ಅಂತ ಸದ್ದು. ಇಲ್ಲಿ ರಿಪ್ಲೇ ಇಲ್ಲ, ಸ್ಟ್ರೆಚರ್ ಇಲ್ಲ. ಪಕ್ಕದ ಮನೆಯಿಂದ ಐಸ್ ಸಿಕ್ಕರೆ ಪುಣ್ಯ. ಸಂಜೆ ಅಜ್ಜಿ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಾರೆ, ಮರುದಿನ ಮೂಳೆ ಕಟ್ಟುವವರ ಹತ್ತಿರ ಹೋಗಿ ಬಿಗಿಯಾಗಿ ಪಟ್ಟಿ. ಮೂರು ವಾರಕ್ಕೆ ಊತ ಇಳಿಯುತ್ತೆ, ಹುಡುಗಿ ಮತ್ತೆ ಅಂಕಣಕ್ಕೆ. ಒಳಗೆ ಹರಿದದ್ದು ಹರಿದೇ ಇರುತ್ತೆ.

ಇದರ ಉಲ್ಟಾ ಕಥೆಯೂ ಇದೆ. ಅದನ್ನೂ ಇವತ್ತು ಹೇಳಲೇಬೇಕು. ಚನ್ನಗಿರಿ ಕಡೆಯ ವೀಕ್ಷಕರೊಬ್ಬರು ವಾಟ್ಸಾಪ್‌ನಲ್ಲಿ ಒಂದು ಎಂಆರ್‌ಐ ರಿಪೋರ್ಟ್ ಫೋಟೊ ಕಳಿಸಿದ್ದರು. "ಸರ್, ಮಗಳು ಎಸ್ಸೆಸ್ಸೆಲ್ಸಿ. ಕಬಡ್ಡಿ ಚೆನ್ನಾಗಿ ಆಡ್ತಾಳೆ. ಮಂಡಿ ನೋವು ಅಂತ ಸ್ಕ್ಯಾನ್ ಮಾಡಿಸಿದ್ವಿ. ಗ್ರೇಡ್ 2 ಅಂತ ಬಂದಿದೆ. ಎರಡನೇ ಸ್ಟೇಜಾ ಸರ್? ಆಟ ಬಿಡಿಸಿಬಿಡ್ಲಾ?" ಇಷ್ಟೇ ಮೆಸೇಜು. ಓದಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. 'ಸ್ಟೇಜ್' ಅನ್ನೋ ಪದ ನಮ್ಮ ಮನೆಗಳಿಗೆ ಯಾವ ಕಾಯಿಲೆಯಿಂದ ಬಂದಿದೆ ಅಂತ ನಿಮಗೆ ಗೊತ್ತು.

ನಾನು ಡಾಕ್ಟರ್ ಅಲ್ಲ, ಓದಿದ್ದು ಎಂಜಿನಿಯರಿಂಗ್. ಮಂಡಿಗೆ ಏನು ಚಿಕಿತ್ಸೆ ಅಂತ ನಾನು ಹೇಳೋದಿಲ್ಲ. ಆದರೆ ಆ ಯಂತ್ರ ಏನು ನೋಡುತ್ತೆ, ಏನು ನೋಡೋದಿಲ್ಲ, ಆ ರಿಪೋರ್ಟಿನ ಪದಗಳ ಅರ್ಥ ಏನು, ಇಷ್ಟನ್ನು ಬಿಡಿಸಿ ಹೇಳಬಲ್ಲೆ. (ಚನ್ನಗಿರಿಯಲ್ಲಿ ಮಂಡಿ ಅಂದ ತಕ್ಷಣ ಅಡಿಕೆ ರೇಟು ನೆನಪಾಗೋರಿಗೆ ಮೊದಲೇ ಹೇಳಿಬಿಡ್ತೀನಿ, ಇದು ಕಾಲಿನ ಮಂಡಿ.)

ಮಂಡಿಯಲ್ಲಿ ಮೂರು ಮೂಳೆ ಸೇರುತ್ತವೆ: ತೊಡೆಮೂಳೆ, ಮೊಣಕಾಲಿನ ಕೆಳಗಿನ ಮೂಳೆ, ಮುಂದೆ ಮಂಡಿಚಿಪ್ಪು. ಎಕ್ಸ್‌ರೇಯಲ್ಲಿ ಕಾಣೋದು ಈ ಮೂಳೆಗಳು ಮಾತ್ರ. ಆಟಗಾರರಲ್ಲಿ ಹೆಚ್ಚಾಗಿ ಕೆಡೋದು ಮೂಳೆಗಳ ನಡುವೆ ಇರುವ ಮೆತ್ತಗಿನ ಭಾಗಗಳು. ಒಂದು, ಒಳಗೆ ಅಡ್ಡಲಾಗಿ ಹಗ್ಗದ ಹಾಗೆ ಕಟ್ಟಿರೋ ಲಿಗಮೆಂಟ್. ಪತ್ರಿಕೆಗಳಲ್ಲಿ ನೀವು ಓದೋ 'ಎಸಿಎಲ್' ಅದರಲ್ಲೊಂದು. ಎರಡು, ಪಂಪ್‌ಸೆಟ್ಟಿನ ವಾಷರ್ ಥರ ಕೂತಿರೋ ಅರ್ಧಚಂದ್ರದ ಮೆನಿಸ್ಕಸ್. ಮೂರು, ಮೂಳೆಯ ತುದಿಗೆ ಮೆತ್ತಿದ ನುಣುಪಾದ ಕಾರ್ಟಿಲೇಜ್, ಅಂದರೆ ಮೃದ್ವಸ್ಥಿ. ದಪ್ಪ ಕೆಲವೇ ಮಿಲಿಮೀಟರ್.

ಕಾರ್ಟಿಲೇಜಿನ ವಿಚಿತ್ರ ನೋಡಿ. ಅದಕ್ಕೆ ರಕ್ತನಾಳ ಇಲ್ಲ, ನರವೂ ಇಲ್ಲ. ರಕ್ತ ಇಲ್ಲ ಅಂದಮೇಲೆ ಗಾಯ ಆದರೆ ತಾನಾಗಿ ಮಾಯೋದು ಬಹಳ ಕಷ್ಟ. ನರ ಇಲ್ಲ ಅಂದಮೇಲೆ ಸವೆಯುತ್ತಿದ್ದರೂ ಅದು ಕೂಗೋದಿಲ್ಲ. ನೋವು ಬರೋ ಹೊತ್ತಿಗೆ ಸವೆತ ಎಷ್ಟೋ ಮುಂದೆ ಹೋಗಿರಬಹುದು. ಹದಿನೈದರ ಹುಡುಗಿಗೆ ಮೂವತ್ತೈದರಲ್ಲಿ ಮೆಟ್ಟಿಲು ಹತ್ತೋಕೆ ಕಷ್ಟವಾಗುತ್ತಾ ಅನ್ನೋದು ಇಲ್ಲಿ ತೀರ್ಮಾನವಾಗುತ್ತೆ. ಎಸಿಎಲ್ ಅಥವಾ ಮೆನಿಸ್ಕಸ್ ಹರಿದವರಲ್ಲಿ ಹತ್ತರಿಂದ ಇಪ್ಪತ್ತು ವರ್ಷದ ನಂತರ ಸುಮಾರು ಅರ್ಧದಷ್ಟು ಜನರಿಗೆ ಮಂಡಿ ಸವೆತ ಕಾಣಿಸಿಕೊಳ್ಳುತ್ತೆ ಅಂತ ಸ್ವೀಡನ್ನಿನ ಲೋಮಾಂಡರ್ ಮತ್ತು ಸಂಗಡಿಗರು 2007ರಲ್ಲೇ ಬರೆದಿದ್ದಾರೆ. ಯುವ ಆಟಗಾರರ ಮಂಡಿ ಮೇಲೆ ಜಗತ್ತಿನ ಸಂಶೋಧಕರು ಎಂಆರ್‌ಐ ಇಟ್ಟು ಕೂತಿರೋದು ಇದೇ ಕಾರಣಕ್ಕೆ. ಕೂಗದ ಭಾಗವನ್ನ ಕೂಗೋ ಮೊದಲೇ ಕೇಳಿಸಿಕೊಳ್ಳಬಹುದಾ ಅಂತ.

ಈ ಯಂತ್ರ ಹೇಗೆ ಕೇಳಿಸಿಕೊಳ್ಳುತ್ತೆ? ನಮ್ಮ ಮೈಯಲ್ಲಿ ನೀರು ತುಂಬಿದೆ, ನೀರಿನಲ್ಲಿ ಹೈಡ್ರೋಜನ್ ಇದೆ. ಒಂದೊಂದು ಹೈಡ್ರೋಜನ್ನಿನ ನಡುವಿನ ಪ್ರೋಟಾನ್ ಒಂದು ಪುಟಾಣಿ ಆಯಸ್ಕಾಂತ. ಸಾಮಾನ್ಯ ಎಂಆರ್‌ಐ ಯಂತ್ರದ ಶಕ್ತಿ 1.5 ಟೆಸ್ಲಾ. ಭೂಮಿಯ ಕಾಂತಶಕ್ತಿಗೆ ಹೋಲಿಸಿದರೆ 30 ಸಾವಿರ ಪಟ್ಟು ಹೆಚ್ಚು. ಅಷ್ಟು ಬಲದ ಆಯಸ್ಕಾಂತದೊಳಗೆ ಕಾಲು ಇಟ್ಟಾಗ ಈ ಪ್ರೋಟಾನ್‌ಗಳು ಸಾಲಿಗೆ ಬರುತ್ತವೆ. ಆಗ ಸುಮಾರು 64 ಮೆಗಾಹರ್ಟ್ಸ್‌ನ ರೇಡಿಯೋ ಅಲೆ ಬಿಡುತ್ತಾರೆ. ನಿಮ್ಮ ಎಫ್‌ಎಂ ಕೇಳಿಸೋದು 88ರಿಂದ 108ರಲ್ಲಿ, ಅದಕ್ಕಿಂತ ಸ್ವಲ್ಪ ಕೆಳಗೆ. ಅಲೆ ನಿಲ್ಲಿಸಿದ ಮೇಲೆ ಪ್ರೋಟಾನ್‌ಗಳು ತಿರುಗಿ ಸದ್ದು ಕೊಡುತ್ತವೆ. ಆ ಸದ್ದಿನಿಂದ ಚಿತ್ರ. ಎಕ್ಸ್‌ರೇ ವಿಕಿರಣ ಇಲ್ಲವೇ ಇಲ್ಲ, ಹಾಗಾಗಿ ಮಕ್ಕಳಿಗೆ ಆ ಭಯ ಬೇಡ. 1973ರಲ್ಲಿ ಪಾಲ್ ಲಾಟರ್‌ಬರ್ ಈ ಚಿತ್ರ ತೆಗೆಯೋ ದಾರಿ ತೋರಿಸಿದರು. ಪೀಟರ್ ಮ್ಯಾನ್ಸ್‌ಫೀಲ್ಡ್ ಅದಕ್ಕೆ ವೇಗ ಕೊಟ್ಟರು. ಇಬ್ಬರಿಗೂ 2003ರಲ್ಲಿ ನೊಬೆಲ್ ಬಂತು.

ಇಲ್ಲಿವರೆಗೆ ಮಾಮೂಲಿ ಎಂಆರ್‌ಐ. ಹಗ್ಗ ಹರಿದಿದೆಯಾ, ವಾಷರ್ ಸೀಳಿದೆಯಾ ಅಂತ ಇದರಲ್ಲಿ ಗೊತ್ತಾಗುತ್ತೆ. ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಟಿ2 ಮ್ಯಾಪಿಂಗ್' ಅಂತ ಮಾಡುತ್ತಾರೆ. ನನಗೆ ಇದು ಬಹಳ ಇಷ್ಟವಾದ ಭಾಗ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ನಮ್ಮ ಕಡೆ ಡೊಳ್ಳು ಕುಣಿತ ನೋಡಿದ್ದೀರಿ. ಮೊದಲ ಪೆಟ್ಟು ಎಲ್ಲರದ್ದೂ ಒಟ್ಟಿಗೇ ಬೀಳುತ್ತೆ. ವಿಶಾಲವಾದ ಬಯಲಾದರೆ ಆ ತಾಳ ತುಂಬಾ ಹೊತ್ತು ಹೊಂದಿಕೊಂಡೇ ಇರುತ್ತೆ. ಅದೇ ಇಕ್ಕಟ್ಟಾದ ಓಣಿಯಾದರೆ ಒಬ್ಬರಿಗೊಬ್ಬರು ತಾಗಿ ಬೇಗ ತಾಳ ತಪ್ಪುತ್ತೆ. ಪ್ರೋಟಾನ್‌ಗಳೂ ಹಾಗೇ. ರೇಡಿಯೋ ಅಲೆ ಬಿದ್ದಾಗ ಎಲ್ಲವೂ ಒಂದೇ ತಾಳದಲ್ಲಿರುತ್ತವೆ, ಆಮೇಲೆ ನಿಧಾನಕ್ಕೆ ತಪ್ಪುತ್ತವೆ. ತಪ್ಪೋಕೆ ತಗೊಳ್ಳೋ ಸಮಯಕ್ಕೆ ಟಿ2 ಅಂತ ಹೆಸರು. ಆರೋಗ್ಯವಾದ ಕಾರ್ಟಿಲೇಜಿನಲ್ಲಿ ಕೊಲಾಜೆನ್ ಅನ್ನೋ ನಾರಿನ ಬಲೆ ಬಿಗಿಯಾಗಿದೆ, ಒಣ ಅಡಿಕೆ ಸಿಪ್ಪೆಯ ನಾರಿನ ಥರ ಹೆಣೆದುಕೊಂಡಿದೆ. ನೀರು ಅದರೊಳಗೆ ಇಕ್ಕಟ್ಟಿನಲ್ಲಿದೆ. ತಾಳ ಬೇಗ ತಪ್ಪುತ್ತೆ, ಟಿ2 ಕಡಿಮೆ ಬರುತ್ತೆ. ನಾರು ಸಡಿಲವಾಗಿ ನೀರು ಹೆಚ್ಚು ಸೇರಿದರೆ ಟಿ2 ಏರುತ್ತೆ. ಮೇಲ್ಮೈ ನುಣ್ಣಗೇ ಕಾಣುತ್ತಿರುತ್ತೆ, ಬಿರುಕಿಲ್ಲ, ನೋವಿಲ್ಲ. ಆದರೆ ಒಳಗಿನ ನೇಯ್ಗೆ ಸಡಿಲವಾಗ್ತಿದೆ ಅನ್ನೋ ಸುಳಿವು ಆ ಸಂಖ್ಯೆಯಲ್ಲಿ ಸಿಗಬಹುದು. ಕಂಪ್ಯೂಟರ್ ಆ ಸಂಖ್ಯೆಗಳಿಗೆ ಬಣ್ಣ ಹಚ್ಚಿ ಮಂಡಿಯ ನಕಾಶೆ ಬಿಡಿಸುತ್ತೆ.

ಈ ಕೊಲಾಜೆನ್ ಮೂರು ಎಳೆಯ ಜಡೆ ಅಂತ ಜಗತ್ತಿಗೆ ಮೊದಲು ತೋರಿಸಿದವರಲ್ಲಿ ನಮ್ಮವರೇ ಒಬ್ಬರು. ಜಿ.ಎನ್. ರಾಮಚಂದ್ರನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಶಿಷ್ಯರಾಗಿದ್ದವರು. 1954ರಲ್ಲಿ ಮದ್ರಾಸಿನಲ್ಲಿ ಗೋಪಿನಾಥ್ ಕರ್ತಾ ಜೊತೆ ಸೇರಿ ಇದನ್ನು ಹೇಳಿದರು. ಅದಕ್ಕೆ ಅವರು ಪರೀಕ್ಷೆ ಮಾಡಿದ್ದು ಏನನ್ನ ಗೊತ್ತಾ? ಕಾಂಗರೂ ಬಾಲದ ಸ್ನಾಯುವಿನ ಹುರಿ! ಮುಂದೆ ಅವರು ಬೆಂಗಳೂರಿಗೇ ವಾಪಸ್ ಬಂದು ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೀವಭೌತ ವಿಭಾಗ ಕಟ್ಟಿದರು. ಇವತ್ತು ಯಾವ ದೇಶದಲ್ಲಿ ಟಿ2 ನಕಾಶೆ ನೋಡಿದರೂ ಅವರು ತೋರಿಸಿದ ಆ ಜಡೆಯ ಸ್ಥಿತಿಯನ್ನೇ ನೋಡುತ್ತಿರುತ್ತಾರೆ.

ಹಾಗಾದರೆ ಎಲ್ಲಾ ಕಬಡ್ಡಿ, ಖೋಖೋ ಮಕ್ಕಳಿಗೂ ಈ ಸ್ಕ್ಯಾನ್ ಮಾಡಿಸಿಬಿಟ್ಟರೆ ಆಯ್ತಲ್ಲ?

ಆಗಲ್ಲ. ದುಡ್ಡಿನ ಮಾತು ಆಮೇಲೆ, ಮೊದಲು ವಿಜ್ಞಾನದ ಮಾತು. ಓಡಿ ಬಂದ ಕೂಡಲೇ ಸ್ಕ್ಯಾನ್ ಮಾಡಿದರೆ ಟಿ2 ಕಡಿಮೆಯೇ ಬರುತ್ತೆ, ಯಾಕೆಂದರೆ ಮೈಭಾರಕ್ಕೆ ಕಾರ್ಟಿಲೇಜಿನ ನೀರು ಹಿಂಡಿ ಹೋಗಿರುತ್ತೆ. ವಿಶ್ರಾಂತಿ ಕೊಟ್ಟರೆ ಮತ್ತೆ ಹೀರಿಕೊಳ್ಳುತ್ತೆ. ಅದು ರೋಗ ಅಲ್ಲ, ಕಾರ್ಟಿಲೇಜ್ ಕೆಲಸ ಮಾಡೋ ರೀತಿಯೇ ಅದು. ಇನ್ನೊಂದು ತಮಾಷೆ ಇದೆ. ನಾರುಗಳು ಆಯಸ್ಕಾಂತಕ್ಕೆ ಸುಮಾರು 55 ಡಿಗ್ರಿ ಓರೆಯಾಗಿದ್ದರೆ ಏನೂ ಆಗದೇ ಇದ್ದರೂ ಟಿ2 ಏರಿದಂತೆ ಕಾಣುತ್ತೆ. ಮಂಡಿಯ ದುಂಡು ಭಾಗದಲ್ಲಿ ಯಾವುದೋ ಒಂದು ಜಾಗ ಆ ಕೋನಕ್ಕೆ ಬಂದೇ ಬರುತ್ತೆ. ಇದಕ್ಕೆ 'ಮ್ಯಾಜಿಕ್ ಆಂಗಲ್' ಅಂತಲೇ ಹೆಸರಿಟ್ಟಿದ್ದಾರೆ. ನಮ್ಮ ಲ್ಯಾಬುಗಳಲ್ಲಿ ಮೀಟರಿನ ಮುಳ್ಳು ಓರೆಯಿಂದ ನೋಡಿ ತಪ್ಪು ರೀಡಿಂಗ್ ಬರೆಯೋರು ಇದ್ದರಲ್ಲ, ಹೆಚ್ಚು ಕಡಿಮೆ ಅದೇ ಕಥೆ.

ಇನ್ನು ಮಕ್ಕಳ ಮಂಡಿ ಅಂದರೆ ದೊಡ್ಡವರ ಮಂಡಿಯ ಚಿಕ್ಕ ಅಳತೆ ಅಲ್ಲ. ಕಾಲು ಉದ್ದವಾಗೋದರಲ್ಲಿ ದೊಡ್ಡ ಪಾಲು ಮಂಡಿಯ ಮೇಲೆ ಕೆಳಗೆ ಇರುವ ಗ್ರೋತ್ ಪ್ಲೇಟುಗಳದ್ದು. ಅವು ಇನ್ನೂ ತೆರೆದಿರುತ್ತವೆ, ಕಾರ್ಟಿಲೇಜೂ ಇನ್ನೂ ಬಲಿಯುತ್ತಿರುತ್ತೆ. ಅವರ ಟಿ2 ದೊಡ್ಡವರಿಗಿಂತ ಬೇರೆ ಇರೋದೇ ಸಹಜ. ಹಾಗಾದರೆ ಯಾವುದಕ್ಕೆ ಹೋಲಿಸೋದು? ಮಂಡಿ ಎಂಆರ್‌ಐಗಳ ಬಹುದೊಡ್ಡ ಸಂಗ್ರಹ ಅಂದರೆ 2004ರಲ್ಲಿ ಅಮೆರಿಕದಲ್ಲಿ ಶುರುವಾದ ಆಸ್ಟಿಯೋ ಆರ್ಥ್ರೈಟಿಸ್ ಇನಿಷಿಯೇಟಿವ್. ಅದರಲ್ಲಿ 4,796 ಜನ ಇದ್ದಾರೆ, ವಯಸ್ಸು 45ರಿಂದ 79. ಜಗಳೂರಿನ ಬಿಸಿಲಲ್ಲಿ ಬರಿಗಾಲಲ್ಲಿ ಖೋಖೋ ಆಡಿ, ಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯೋ ಹುಡುಗಿಯ ಮಂಡಿಗೆ ಆ ಅಳತೆಗೋಲು ಹೇಗೆ ಹೊಂದುತ್ತೆ? ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿ ಅಡಿಯ ಮೆಡಿಕಲ್ ಕಾಲೇಜುಗಳಲ್ಲಿ ರೇಡಿಯಾಲಜಿ ಪಿಜಿ ವಿದ್ಯಾರ್ಥಿಗಳು ಮಂಡಿ ಎಂಆರ್‌ಐ ಮೇಲೆ ಪ್ರಬಂಧ ಬರೆಯುತ್ತಾರೆ. ಆದರೆ ಆಸ್ಪತ್ರೆಗೆ ಬರೋದು ನೋವಾದ ಮಂಡಿಗಳು. ನೋವಿಲ್ಲದ, ದಿನಾ ಆಡೋ ನಮ್ಮ ಮಕ್ಕಳ ಮಂಡಿ ಹೇಗಿರುತ್ತೆ ಅನ್ನೋ ಲೆಕ್ಕ ನಮಗೆ ಬೇಕು. ದಾವಣಗೆರೆಯಂಥ ಊರಲ್ಲಿ ಮೆಡಿಕಲ್ ಕಾಲೇಜುಗಳಿವೆ, ಸುತ್ತ ಆಡೋ ಮಕ್ಕಳಿದ್ದಾರೆ. ಯಾರಾದರೂ ಗೈಡ್ ಮನಸ್ಸು ಮಾಡಿದರೆ ಇದೊಂದು ಒಳ್ಳೆ ಪ್ರಬಂಧ ಆಗುತ್ತೆ ಅಂತ ನನ್ನ ಅನಿಸಿಕೆ.

ನೋವಿಲ್ಲದ ಮಂಡಿಯಲ್ಲೂ ಎಂಆರ್‌ಐ ಏನಾದರೂ ಒಂದನ್ನ ಹುಡುಕಿಬಿಡುತ್ತೆ, ಇದು ಬಹಳ ಮುಖ್ಯ. 2019ರಲ್ಲಿ ಆಸ್ಟ್ರೇಲಿಯಾದ ಆಡಮ್ ಕಲ್ವೆನರ್ ಮತ್ತು ಸಂಗಡಿಗರು 63 ಅಧ್ಯಯನಗಳನ್ನು ಒಟ್ಟು ಸೇರಿಸಿ ಐದು ಸಾವಿರಕ್ಕೂ ಹೆಚ್ಚು ಮಂಡಿಗಳ ಲೆಕ್ಕ ಹಾಕಿದರು. ಎಲ್ಲವೂ ನೋವಿಲ್ಲದ, ಗಾಯವಾಗದ ಮಂಡಿಗಳು. 40 ವರ್ಷದೊಳಗಿನವರಲ್ಲಿ ನೂರಕ್ಕೆ 11 ಮಂಡಿಗಳಲ್ಲಿ ಕಾರ್ಟಿಲೇಜ್ ದೋಷ, ನೂರಕ್ಕೆ 4ರಲ್ಲಿ ಮೆನಿಸ್ಕಸ್ ಸೀಳು ಕಂಡಿತು. 40 ದಾಟಿದವರಲ್ಲಿ ಅದು 43 ಮತ್ತು 19. ಇವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು! ಚಿತ್ರದಲ್ಲಿ ಏನೋ ಕಂಡಿತು ಅಂದ ಮಾತ್ರಕ್ಕೆ ನೋವಿನ ಕಾರಣ ಅದೇ ಅಂತ ಹೇಳೋಕಾಗಲ್ಲ.

ಈಗ ಆ ಅಪ್ಪನ ಪ್ರಶ್ನೆಗೆ ಬರೋಣ. ರಿಪೋರ್ಟಿನಲ್ಲಿ ಬರೆದಿದ್ದು 'ಮೀಡಿಯಲ್ ಮೆನಿಸ್ಕಸ್‌ನಲ್ಲಿ ಗ್ರೇಡ್ 2 ಸಿಗ್ನಲ್'. ಇದು ರೋಗದ ಸ್ಟೇಜ್ ಅಲ್ಲ. ಆ ವಾಷರಿನ ಒಳಗೆ ಒಂದು ಬಿಳಿ ಗೆರೆ ಕಾಣುತ್ತಿದೆ, ಆದರೆ ಅದು ಅಂಚನ್ನ ಮುಟ್ಟಿಲ್ಲ ಅಂತ ಅರ್ಥ. ಅಂಚು ಮುಟ್ಟಿದರೆ ಗ್ರೇಡ್ 3, ಆಗ ಅದನ್ನು ಸೀಳು ಅಂತಾರೆ. ಇನ್ನೊಂದು ವಿಷಯ: ಮಕ್ಕಳ ಮೆನಿಸ್ಕಸ್‌ನಲ್ಲಿ ದೊಡ್ಡವರಿಗಿಂತ ಹೆಚ್ಚು ರಕ್ತನಾಳ ಇರುತ್ತೆ, ಅದೇ ಎಷ್ಟೋ ಸಲ ಹೀಗೆ ಗೆರೆಯಾಗಿ ಕಾಣುತ್ತೆ. ನಾನು ಅವರಿಗೆ ಬರೆದಿದ್ದು ಇಷ್ಟೇ. "ಅಣ್ಣಾ, ಬರೀ ರಿಪೋರ್ಟ್ ಹಾಳೆ ಅಲ್ಲ, ಸಿಡಿ ಮತ್ತು ಮಗಳನ್ನ ಕರ್ಕೊಂಡು ಮೂಳೆ ಡಾಕ್ಟರ್ ಹತ್ರ ಹೋಗಿ. ಅವರು ಮಂಡಿ ಮುಟ್ಟಿ ನೋಡ್ಲಿ. ಅಲ್ಲಿವರೆಗೂ ಆಟ ಬಿಡಿಸೋ ಮಾತು ಮಗಳ ಮುಂದೆ ಆಡಬೇಡಿ." ಹೆಣ್ಣುಮಕ್ಕಳ ಆಟ ಬಿಡಿಸೋಕೆ ನಮ್ಮಲ್ಲಿ ಮೊದಲೇ ನೂರು ನೆಪ ಇವೆ. ಅರ್ಥವಾಗದ ಒಂದು ರಿಪೋರ್ಟು ನೂರಾ ಒಂದನೇದಾಗೋದು ಬೇಡ.

ಮುಟ್ಟಿ ನೋಡೋದು ಅಂದೆನಲ್ಲ, ಅದು ಚಿಕ್ಕ ಮಾತಲ್ಲ. 'ಲ್ಯಾಕ್‌ಮನ್' ಅಂತ ಒಂದು ಪರೀಕ್ಷೆ ಇದೆ. ಮಂಡಿ ಸ್ವಲ್ಪ ಮಡಚಿ, ತೊಡೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಿನ ಮೂಳೆ ಮುಂದಕ್ಕೆ ಎಳೆದು ನೋಡುತ್ತಾರೆ. ಪಳಗಿದ ಕೈಗೆ ಎಸಿಎಲ್ ಸಡಿಲವಾಗಿರೋದು ಅಲ್ಲೇ ಗೊತ್ತಾಗುತ್ತೆ. ಕರೆಂಟು ಬೇಡ, ಹೀಲಿಯಂ ಬೇಡ. ಮಂಡಿಚಿಪ್ಪಿನ ಕೆಳಗೆ ಗಂಟು ಎದ್ದು ನೋಯೋ ಬೆಳೆಯೋ ಮಕ್ಕಳಿಗೆ ಹೆಚ್ಚಾಗಿ ಇರೋದು ಆಸ್‌ಗುಡ್-ಶ್ಲಾಟರ್ ಅನ್ನೋ ತೊಂದರೆ. ಅದನ್ನ 1903ರಲ್ಲೇ ಇಬ್ಬರು ಡಾಕ್ಟರುಗಳು ಬರೆದಿಟ್ಟಿದ್ದಾರೆ, ಅದಕ್ಕೆ ಸಾಮಾನ್ಯವಾಗಿ ಎಂಆರ್‌ಐ ಬೇಕಿಲ್ಲ. ಆಟ ಸ್ವಲ್ಪ ತಗ್ಗಿಸಿದರೆ ಬೆಳವಣಿಗೆ ಮುಗಿಯೋ ಹೊತ್ತಿಗೆ ಬಹುತೇಕರಿಗೆ ಹೋಗುತ್ತೆ.

ಆದರೆ ಕೆಲವು ಲಕ್ಷಣ ಕಂಡರೆ ಎಣ್ಣೆ ತಿಕ್ಕಿಕೊಂಡು ಕೂರಬೇಡಿ. ಮಂಡಿ ತಿರುಚಿ 'ಟಪ್' ಅಂದು ಕೆಲವೇ ಗಂಟೆಯಲ್ಲಿ ಊದಿಕೊಂಡರೆ ಒಳಗೆ ರಕ್ತ ತುಂಬಿದೆ ಅಂತ ಅನುಮಾನಿಸಬೇಕು, ಎಸಿಎಲ್ ಹರಿದಾಗ ಆಗೋದು ಹೀಗೇ. ಮಂಡಿ ಅರ್ಧಕ್ಕೆ ಸಿಕ್ಕಿಕೊಂಡು ನೇರ ಆಗದೇ ಇದ್ದರೆ ಮೆನಿಸ್ಕಸ್ ಚೂರು ಸಿಕ್ಕಿಕೊಂಡಿರಬಹುದು. ನಡೆಯುವಾಗ ಮಂಡಿ ಜಾರಿದ ಹಾಗೆ ಆಗ್ತಾ ಇದ್ದರೂ ಹೋಗಿ. ಆಟಕ್ಕೂ ನೋವಿಗೂ ಸಂಬಂಧವೇ ಇಲ್ಲದೆ ರಾತ್ರಿ ನಿದ್ದೆ ಕೆಡಿಸೋ ನೋವು, ಜ್ವರ, ದಿನದಿಂದ ದಿನಕ್ಕೆ ಹೆಚ್ಚುವ ಗಂಟು ಇದ್ದರೆ ಒಂದು ವಾರವೂ ಕಾಯಬೇಡಿ, ಈ ವಯಸ್ಸಿನಲ್ಲಿ ಮೂಳೆಯ ಗೆಡ್ಡೆಗಳು ಮಂಡಿ ಹತ್ತಿರವೇ ಹೆಚ್ಚು ಬರೋದು. ಮೊದಲು ಎಕ್ಸ್‌ರೇ, ಪರೀಕ್ಷೆ. ಆಮೇಲೆ ಡಾಕ್ಟರ್ ಬರೆದರೆ ಎಂಆರ್‌ಐ. ಮಂಡಿ ಸ್ಕ್ಯಾನಿಗೆ ಕಾಲು ಮುಂದಾಗಿ ಒಳಗೆ ಹೋಗೋದು, ತಲೆ ಸಾಮಾನ್ಯವಾಗಿ ಹೊರಗೇ ಇರುತ್ತೆ ಅಂತ ಹೆದರೋ ಮಕ್ಕಳಿಗೆ ಮೊದಲೇ ಹೇಳಿ. ಅರ್ಧ ಗಂಟೆ ಆಸುಪಾಸು, ಜೋರು ಸದ್ದು, ಅಲುಗಾಡಬಾರದು. ಮೈಯಲ್ಲಿ ಹಿಂದೆ ಹಾಕಿದ ರಾಡು, ಸ್ಕ್ರೂ ಇದ್ದರೆ ಮರೆಯದೆ ತಿಳಿಸಿ.

ದೂರದ ಮಾತೂ ಇದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯ್ತು. ತಾಲ್ಲೂಕಿನ ಬೋರ್ಡು ಬದಲಾಗಿದೆ, ಆದರೆ ಸ್ಕ್ಯಾನ್ ಅಂದರೆ ಇವತ್ತಿಗೂ ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತೋದು, ಮೇಲೆ ಸಾವಿರಾರು ರೂಪಾಯಿ. ಯಂತ್ರ ದುಬಾರಿ ಯಾಕೆ? ಅದರ ಆಯಸ್ಕಾಂತದ ಸುರುಳಿ ಮೈನಸ್ 269 ಡಿಗ್ರಿ ಚಳಿಯಲ್ಲಿರಬೇಕು, ಅದಕ್ಕೆ ದ್ರವ ಹೀಲಿಯಂ ಬೇಕು, ಅದನ್ನು ಹೊರದೇಶದಿಂದ ತರಬೇಕು. ಇಲ್ಲೊಂದು ಒಳ್ಳೆ ಸುದ್ದಿ ಇದೆ. ದೇಶದಲ್ಲೇ ತಯಾರಾದ ಮೊದಲ 1.5 ಟೆಸ್ಲಾ ಎಂಆರ್‌ಐ ಯಂತ್ರ 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾಯ್ತು. ಮಾಡಿದ್ದು ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಅನ್ನೋ ಕಂಪನಿ. ಹಗುರ, ಹೀಲಿಯಂ ಬಳಕೆಯೂ ಬಹಳ ಕಡಿಮೆ. ಇಂಥ ಯಂತ್ರ ತಾಲ್ಲೂಕು ಆಸ್ಪತ್ರೆವರೆಗೆ ಬರೋಕೆ ಎಷ್ಟು ವರ್ಷ ಬೇಕೋ, ಸರ್ಕಾರವನ್ನ ಕೇಳೋದು ನಮ್ಮ ಕೆಲಸ, ಕೇಳ್ತಾ ಇರ್ತೀವಿ.

ಅಲ್ಲಿಯವರೆಗೆ ಯಂತ್ರವೇ ಬೇಡದ ಒಂದು ಕೆಲಸ ಇದೆ. 2008ರಲ್ಲಿ ನಾರ್ವೆಯಲ್ಲಿ 13ರಿಂದ 17 ವರ್ಷದ ಸಾವಿರಕ್ಕೂ ಹೆಚ್ಚು ಫುಟ್‌ಬಾಲ್ ಹುಡುಗಿಯರ ಮೇಲೆ ಒಂದು ಪ್ರಯೋಗದ ಫಲಿತಾಂಶ ಬಂತು. ಆಟಕ್ಕೆ ಮುಂಚೆ 20 ನಿಮಿಷದ ಒಂದು ನಿರ್ದಿಷ್ಟ ವಾರ್ಮ್‌ಅಪ್ ಮಾಡಿದ ತಂಡಗಳಲ್ಲಿ ದೊಡ್ಡ ಗಾಯಗಳು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದವು. 'ಫಿಫಾ 11 ಪ್ಲಸ್' ಅಂತ ಅದರ ಹೆಸರು, ವಿಡಿಯೋ ಪುಕ್ಕಟೆ ಸಿಗುತ್ತೆ. ನಿಧಾನ ಓಟ, ಒಂಟಿ ಕಾಲಲ್ಲಿ ನಿಲ್ಲೋದು, ಬಸ್ಕಿ, ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ಬಾಗದ ಹಾಗೆ ಪಾದದ ನೇರಕ್ಕೆ ಇಟ್ಟುಕೊಳ್ಳೋದು. ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್‌ಗಳಲ್ಲಿ ಎಸಿಎಲ್ ಹರಿಯೋದು ಅವರಲ್ಲಿ ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು. ನಮ್ಮ ಪಿಟಿ ಮೇಷ್ಟ್ರುಗಳು ಎರಡು ರೌಂಡ್ ಓಡಿಸಿ ನೇರ ಅಂಕಣಕ್ಕೆ ಬಿಡ್ತಾರೆ, ಟೈಮ್ ಇಲ್ಲ ಅಂತಾರೆ. ಮೇಷ್ಟ್ರೇ, ವಾರಕ್ಕೆ ಎರಡು ಮೂರು ಸಲ ಸಾಕು, ಆ ವಿಡಿಯೋ ಒಮ್ಮೆ ನೋಡಿ. ಮಕ್ಕಳನ್ನ ಜಿಗಿಸಿ, ಇಳಿಯುವಾಗ ಅವರ ಮಂಡಿ ಎಲ್ಲಿಗೆ ಹೋಗುತ್ತೆ ಅಂತ ಎದುರಿಗೆ ನಿಂತು ಗಮನಿಸಿ.